ರಾಜಪಾರ್ಟಿಲ್ಲದ ಯಂತ್ರ

ಆನೇಮಹಲ್
೧೪ ಜೂನ್ ೨೦೨೪

ಚಿ. ಆಶಾಳಿಗೆ ದೊಡ್ಡಪ್ಪ ಮಹಾದೇವಯ್ಯನ ಆಶೀರ್ವಾದಗಳು. ಇಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಕ್ಷೇಮ.

ಫೋನಿನಲ್ಲಿ ನಾನು ಕಿರುಚುತ್ತೇನಂತೆ! ಹೊಂಗಡಹಳ್ಳದಲ್ಲಿ ಸಿಗ್ನಲ್ ಸಿಗಬೇಕಾದರೆ ದಿಬ್ಬ ಹತ್ತಬೇಕಂತೆ, ದಿಬ್ಬ ಹತ್ತಿ ನಿಂತು ಬೈಸಿಕೊಳ್ಳುವಷ್ಟು ಬಿಡುವು ನಿನಗಿಲ್ಲವಂತೆ! ಏನಿದ್ದರೂ ಕಾಗದದಲ್ಲಿ ಬರೆಯಿರಿ ಎಂದು ಫೋನು ಇಟ್ಟುಬಿಟ್ಟೆ. ಬರೆದಿದ್ದೇನೆ, ತೆಗೆದುಕೋ. ಡ್ರೈವರ್ ಕುಳ್ಳಯ್ಯನ ಪಿಕಪ್ಪಿನಲ್ಲಿ ಕಬ್ಬಿಣದ ತಗಡಿನ ಜೊತೆ ನನ್ನ ಕೋಪವೂ ಬರುತ್ತದೆ. ಇಳಿಸಿಕೋ.

ಜಯಕುಮಾರನನ್ನು ಏಕಮ್ಮ ಷೆಡ್ಡಿನಿಂದ ವಾಪಸು ಕಳಿಸಿದೆ? ಅವನು ನಿನ್ನ ದೊಡ್ಡಮ್ಮನ ತಮ್ಮ, ನಮ್ಮ ವರ್ಕ್‌ಶಾಪಿನ ಪಾಲುದಾರ. ಮನೆಗೆ ಬಂದವನು ಊಟಕ್ಕೆ ಕೂತು ತಟ್ಟೆ ನೂಕಿದ. "ಬಾವ, ನಾನು ಮುಖ್ಯಸ್ಥನೋ ಇಲ್ಲ ಮೂಟೆ ಹೊರೋನೋ? ಆ ಹುಡುಗಿ ನಂಗೆ 'ಮಾವ, ನೆರಳು ಬಿಡಿ, ವೆಲ್ಡಿಂಗ್ ಕಾಣ್ತಿಲ್ಲ' ಅಂದುಬುಟ್ಟಳು ಕಣ್ರೀ!" ಎಂದ. ಪಾರ್ವತಿಯೂ ತಮ್ಮನ ಪರ ನಿಂತು ಸೌಟು ಝಳಪಿಸಿದಳು. ಒಂದು ಕಡೆ ಸೌಟು, ಒಂದು ಕಡೆ ಕಣ್ಣೀರು, ನಡುವೆ ನಾನು!

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ರಿಪೇರಿ ಮಾಡಿಕೊಂಡು ಎರಡು ತಲೆಮಾರು ಅನ್ನ ತಿಂದ ವರ್ಕ್‌ಶಾಪು ಇದು. "ಕೊಯ್ಲಿನ ಕಾಲಕ್ಕೇ ಈಗೀಗ ಮಳೆ ಬರ್ತಿದೆ ದೊಡ್ಡಪ್ಪ, ಸಣ್ಣ ಬೆಳೆಗಾರರ ಕಣದಲ್ಲಿ ಕಾಫಿ ಬೂಷ್ಟು ಹಿಡೀತಿದೆ. ಪಿಕಪ್ಪಿನ ಮೇಲೆ ಕೂತು ಮನೆಮನೆಗೆ ಹೋಗೋ ಡ್ರೈಯರ್ ಮಾಡೋಣ" ಎಂದವಳು ನೀನು. ಮಾಡು ಎಂದವನು ನಾನು. ಡಿಸೆಂಬರ್ ಕೊಯ್ಲಿಗೆ ಸಿದ್ಧವಾಗಬೇಕು ಎಂದೆ, ಹೊಂಗಡಹಳ್ಳದ ಹಳೆಯ ಸ್ಟೋರನ್ನು ಷೆಡ್ ಮಾಡಿಸಿಕೊಟ್ಟೆ. ಇಂಥ ಹೊಸ ಕೆಲಸಕ್ಕೆ ತಂಡ ಕಟ್ಟುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷಾವರ್ಷ ಊರಿನ ಪೌರಾಣಿಕ ನಾಟಕ ಆಡಿಸುವವನು ನಾನು! ನಾಟಕದಲ್ಲಿ ಏನು ಪದ್ಧತಿ? ಯಾರಿಗೆ ಯಾವ ಪಾರ್ಟು ಬೇಕೋ ಅವರು ಅದಕ್ಕೆ ತಕ್ಕ ವಂತಿಗೆ ಕೊಟ್ಟು ಪಾರ್ಟು ಹಿಡಿಯುತ್ತಾರೆ. ಹೆಚ್ಚು ಕೊಟ್ಟವನಿಗೆ ರಾಜಪಾರ್ಟು, ಕಡಿಮೆ ಕೊಟ್ಟವನಿಗೆ ದ್ವಾರಪಾಲಕ. ಯಾರಿಗೂ ಮುನಿಸಿಲ್ಲ. ಇಲ್ಲಿಯೂ ಹಾಗೆಯೇ ಹಂಚಿದ್ದೇನೆ. ಪಾಲುದಾರರಲ್ಲಿ ಜಯಕುಮಾರ ತಂಡದ ಮುಖ್ಯಸ್ಥ, ಉಳಿದವರು ಸಲಹೆಗಾರರು. ನೀನು ತಾಂತ್ರಿಕ ಸಂಚಾಲಕಿ. ಎಷ್ಟು ಗಂಭೀರವಾದ ಹೆಸರು! ಬೋರ್ಡು ಬರೆಸಿ ಕಳಿಸಿದ್ದೇನೆ, ಬಾಗಿಲಿಗೆ ತಗುಲಿಸು.

ಜಯಕುಮಾರ ಸೋಮವಾರ ಮತ್ತೆ ಬರುತ್ತಾನೆ. ಕುರ್ಚಿ ಹಾಕು.

ನಿನ್ನ ದೊಡ್ಡಪ್ಪ
ಮಹಾದೇವಯ್ಯ


ಹೊಂಗಡಹಳ್ಳ
೨೨ ಜೂನ್ ೨೦೨೪

ದೊಡ್ಡಪ್ಪನವರಿಗೆ ಆಶಾಳ ನಮಸ್ಕಾರಗಳು.

ಕುರ್ಚಿ ಹಾಕಿದೆ. ಮಾವ ಬಂದು ಕೂತರು. ವೆಲ್ಡರ್ ಯೋಗೇಶನಿಗೆ ಕಾಫಿ ಒಣಗಿಸುವ ಡ್ರಮ್ಮು ಉದ್ದ ಮಾಡು ಎಂದರು. ವೈರಿಂಗ್ ಮಾಡುವ ರಶ್ಮಿತಾಗೆ ಡ್ರಮ್ಮು ಗಿಡ್ಡ ಆಗುತ್ತೆ, ಅದಕ್ಕೆ ತಕ್ಕಂತೆ ಮೋಟರ್ ನೋಡು ಎಂದರು. ಆಮೇಲೆ ಊಟಕ್ಕೆ ಹೋದರು. ಅವರು ಹೋದ ಮೇಲೆ ಇವರಿಬ್ಬರೂ ನನ್ನ ಮುಖ ನೋಡಿದರು. ಅರ್ಧ ದಿನ ಹೀಗೆ ಮುಖ ನೋಡಿಕೊಳ್ಳುವುದರಲ್ಲೇ ಹೋಯಿತು.

ನಾಟಕದ ಪದ್ಧತಿ ನನಗೆ ಗೊತ್ತು ದೊಡ್ಡಪ್ಪ. ಚಾಪೆ ಹಾಸಿಕೊಂಡು ನೋಡುತ್ತಲೇ ಬೆಳೆದವಳು. ವಂತಿಗೆ ಕೊಟ್ಟವನ ಒಂದು ಹಾಡನ್ನೂ ಕತ್ತರಿಸುವಂತಿಲ್ಲ. ಅದಕ್ಕೇ ನಿಮ್ಮ ನಾಟಕ ಸೂರ್ಯ ಹುಟ್ಟಿದರೂ ಮುಗಿಯುವುದಿಲ್ಲ. ಜನ ಮಲಗಿ ಎದ್ದು ನೋಡುತ್ತಾರೆ, ನಡೆಯುತ್ತದೆ. ಯಂತ್ರದಲ್ಲಿ ಅದು ನಡೆಯುವುದಿಲ್ಲ. ಪಿಕಪ್ಪು ಹೊರುವಷ್ಟೇ ಭಾರ, ನಮ್ಮ ಏರು ರಸ್ತೆ ಬಿಡುವಷ್ಟೇ ಅಗಲ.

ನನಗೆ ಬೋರ್ಡು ಬೇಡ. ಒಂದು ಸಾಲು ಬೇಕು. "ಈ ಯಂತ್ರಕ್ಕೆ ಏನು ಸೇರಬೇಕು, ಏನು ಸೇರಬಾರದು ಎಂದು ಹೇಳುವವಳು ಆಶಾ. ಯಾರು ಏನು ತಂದರೂ ಬೇಡ ಎನ್ನುವ ಅಧಿಕಾರ ಅವಳದು." ಇಷ್ಟು ಬರೆದು ಸಹಿ ಮಾಡಿ ಕಳಿಸಿ, ಸಾಕು.

ಇನ್ನೊಂದು ವಿಷಯ. ಕೊಯಮತ್ತೂರಿನ ಯಂತ್ರದ ಕಂಪನಿಯವರು ನನ್ನನ್ನು ಕರೆದಿದ್ದಾರೆ. ಕೊಯ್ಲು ಮುಗಿಯಲಿ, ಜನವರಿ ಕೊನೆಗೆ ಉತ್ತರ ಹೇಳುತ್ತೇನೆ ಎಂದಿದ್ದೇನೆ. ಹೆದರಿಸಲು ಹೇಳುತ್ತಿಲ್ಲ. ನಿಮ್ಮಿಂದ ಮುಚ್ಚಿಡಬಾರದು ಎಂದು ಹೇಳುತ್ತಿದ್ದೇನೆ.

ಇತಿ,
ಆಶಾ


ಆನೇಮಹಲ್
೯ ಆಗಸ್ಟ್ ೨೦೨೪

ಚಿ. ಆಶಾಳಿಗೆ,

ಕೊಯಮತ್ತೂರು! ಆಹಾ! ಹೆಗಲ ಮೇಲೆ ಕೂರಿಸಿಕೊಂಡು ಲೇತ್ ಮಿಷನ್ನು ತೋರಿಸಿದ ಈ ದೊಡ್ಡಪ್ಪನಿಗೆ ಕೊಯಮತ್ತೂರಿನ ಬಾಣ! ನಿನ್ನ ಕಾಗದ ಓದಿ ಒಂದು ತಿಂಗಳು ಮೌನ ವ್ರತ ಹಿಡಿದೆ. ಯಾರೂ ಗಮನಿಸಲಿಲ್ಲ. ಪಾರ್ವತಿ "ಗಂಟ್ಲು ನೋವಾ?" ಎಂದು ಕಷಾಯ ಕೊಟ್ಟಳು, ಅಷ್ಟೆ.

ಹೋಗಲಿ, ಶುಭ ಸಮಾಚಾರ ಕೇಳು. ಮೊನ್ನೆ ಪಾಲುದಾರರ ಸಭೆ ನಡೆಯಿತು. ಹೊರಗೆ ಮಳೆ ತಗಡಿನ ಮೇಲೆ ನಗಾರಿ ಬಾರಿಸುತ್ತಿತ್ತು, ಒಳಗೆ ಉತ್ಸಾಹ ಅದಕ್ಕಿಂತ ಜೋರಾಗಿತ್ತು. ಜಯಕುಮಾರ ಎದ್ದು ನಿಂತ. "ಬರೀ ಕಾಫಿ ಒಣಗಿಸಿದ್ರೆ ಏನ್ ಬಂತು ಬಾವ? ಅದೇ ಮೋಟರ್‌ಗೆ ಮೆಣಸು ಬಿಡ್ಸೋದನ್ನೂ ತಗಲಾಕ್ಬುಡಾನ" ಎಂದ. ಇನ್ನೊಬ್ಬರು ಏಲಕ್ಕಿಗೆ ಪಕ್ಕದಲ್ಲೊಂದು ತಟ್ಟೆಯಿರಲಿ ಎಂದರು. ಮತ್ತೊಬ್ಬರು ನಡೆಸುವವನು ನೆನೆಯಬಾರದು, ಮೇಲೊಂದು ಚಾವಣಿ ಬೇಕು ಎಂದರು. ಒಬ್ಬೊಬ್ಬರ ಮಾತಿಗೂ ಚಪ್ಪಾಳೆ! ಬೇಡ ಎಂದರೆ ಯಾರಿಗೆ ಅನ್ನಲಿ? ಎಲ್ಲರೂ ನಮ್ಮವರೇ.

ಕೊನೆಗೆ ನನ್ನ ಸರದಿ. ಯಂತ್ರವೆಂದ ಮೇಲೆ ಒಂದು ಠೀವಿ ಬೇಡವೇ? ನಮ್ಮ ಯಂತ್ರ ಊರೊಳಗೆ ಬಂದರೆ ಜನ ಎದ್ದು ನಿಲ್ಲಬೇಕು! ಹಾಸನದಲ್ಲಿ ಹೇಳಿ ಒಂದು ಹಿತ್ತಾಳೆಯ ಸಿಂಹಮುಖ ಎರಕ ಹೊಯ್ಯಿಸಿದ್ದೇನೆ. ಯಂತ್ರದ ಮುಂಭಾಗಕ್ಕೆ ಕಬ್ಬಿಣದ ಕಮಾನು ಕಟ್ಟಿ ಅದರ ನೆತ್ತಿಯ ಮೇಲೆ ಇದನ್ನು ಕೂರಿಸು. ಎರಡು ಬದಿಗೂ ಮೈಕಿನ ಹಾರನ್ನು. ನನ್ನ ಧ್ವನಿಯಲ್ಲೇ ರೆಕಾರ್ಡ್ ಮಾಡಿದ್ದೇನೆ: "ಬಂದಿದೆ! ಬಂದಿದೆ! ಮೇಘರಾಜನ ಸೊಕ್ಕಡಗಿಸುವ ಮಹಾಯಂತ್ರ!" ಕೇಳಿದರೆ ನಿನಗೇ ಮೈ ಜುಮ್ಮೆನ್ನುತ್ತದೆ.

ಎಲ್ಲ ಸಾಮಾನೂ ಕುಳ್ಳಯ್ಯನ ಗಾಡಿಯಲ್ಲಿದೆ. ಪಾರ್ವತಿ ಕಳಲೆ ಉಪ್ಪಿನಕಾಯಿ ಕಳಿಸಿದ್ದಾಳೆ, ರೊಟ್ಟಿಗೆ ಹಚ್ಚಿಕೊಂಡು ತಿನ್ನು. ಬಡಕಲಾಗಿದ್ದೀಯಂತೆ.

ನಿನ್ನ ದೊಡ್ಡಪ್ಪ
ಮಹಾದೇವಯ್ಯ


ಹೊಂಗಡಹಳ್ಳ
೫ ಅಕ್ಟೋಬರ್ ೨೦೨೪

ದೊಡ್ಡಪ್ಪನವರಿಗೆ,

ಉಪ್ಪಿನಕಾಯಿ ತಲುಪಿತು. ಚೆನ್ನಾಗಿತ್ತು. ಕೇಳಿದ ಸಾಲು ತಲುಪಲಿಲ್ಲ.

ಆಗಸ್ಟ್ ಶುರುವಿನಲ್ಲಿ ಡ್ರಮ್ಮು, ಒಲೆ, ಗಾಳಿಯ ಫ್ಯಾನು ಮೂರೂ ಸೇರಿ ಚೊಕ್ಕವಾಗಿ ಓಡಿದ್ದವು. ನಾವು ಮೂವರೂ ಅವತ್ತು ಷೆಡ್ಡಿನಲ್ಲಿ ಪಾಯಸ ಮಾಡಿಕೊಂಡು ಉಂಡೆವು. ಮಾರನೆಯ ವಾರ ನಿಮ್ಮ ಸಿಂಹ ಬಂತು.

ಏಲಕ್ಕಿ ತಟ್ಟೆ ಬೇಡ ಎಂದು ನಾನು ವಾಪಸು ಕಳಿಸಿದೆ. ಮಾವ ಅದನ್ನು ನಿಮ್ಮ ಹತ್ತಿರ ತಂದರು. ಅದೇ ತಟ್ಟೆ ಅದೇ ಗಾಡಿಯಲ್ಲಿ ನಿಮ್ಮ ಕೈಬರಹದ "ಹಾಕು" ಎಂಬ ಚೀಟಿ ಅಂಟಿಸಿಕೊಂಡು ತಿರುಗಿ ಬಂತು. ಯೋಗೇಶ ಚೀಟಿ ಓದಿದ. ವೆಲ್ಡಿಂಗ್ ಹೆಲ್ಮೆಟ್ಟು ಹಾಕಿಕೊಂಡ. ರಶ್ಮಿತಾ ಮಾತ್ರ ಕೇಳಿಯೇಬಿಟ್ಟಳು. "ಅಕ್ಕಾ, ಇಲ್ಲಿ ನಾವು ಯಾರ ಮಾತು ಕೇಳ್ಬೇಕು? ನಿಮ್ದಾ, ಜಯಕುಮಾರಣ್ಣಂದಾ, ಚೀಟೀದಾ?"

ಅವಳ ಪ್ರಶ್ನೆಯನ್ನು ನಿಮಗೇ ಕಳಿಸುತ್ತಿದ್ದೇನೆ. ಉತ್ತರ ನಿಮ್ಮ ಹತ್ತಿರ ಇದ್ದರೆ ಕಳಿಸಿ.

ಎಲ್ಲವನ್ನೂ ಹೊರಿಸಿ ನಿನ್ನೆ ಷೆಡ್ಡಿನ ಮುಂದಿನ ದಿಬ್ಬ ಹತ್ತಿಸಿ ನೋಡಿದೆವು. ಭಾರವೆಲ್ಲ ಹಿಂದಕ್ಕೆ ಜಗ್ಗಿ ಪಿಕಪ್ಪಿನ ಮುಂದಿನ ಚಕ್ರ ನೆಲ ಬಿಡುವಂತಾಯಿತು. ಕುಳ್ಳಯ್ಯ ಸ್ಟಿಯರಿಂಗ್ ಬಿಟ್ಟು ಕೈಮುಗಿದ. "ಇದು ಗಾಡಿ ಅಲ್ಲ ಕಣವ್ವ, ಎಗರೋ ಕುದ್ರೆ" ಎಂದ. ಹೆತ್ತೂರಿಗೆ ಹೋಗುವ ದಾರಿಯ ತಿರುವು ಇದಕ್ಕಿಂತ ಕಡಿದು. ದಯವಿಟ್ಟು ಯೋಚಿಸಿ.

ಇತಿ,
ಆಶಾ


ಆನೇಮಹಲ್
೧೮ ನವೆಂಬರ್ ೨೦೨೪

ಚಿ. ಆಶಾಳಿಗೆ,

ಎಗರಲಿ! ಪಟ್ಟದ ಕುದುರೆ ಎಂದ ಮೇಲೆ ಎಗರಲೇಬೇಕು. ಹಿಂದಕ್ಕೆ ಭಾರ ಹೆಚ್ಚಾದರೆ ಮುಂದಕ್ಕೆ ನಾಲ್ಕು ಮರಳಿನ ಮೂಟೆ ಹಾಕಿಸು, ಇದಕ್ಕೂ ನಾನೇ ಬರಬೇಕೇ?

ಡಿಸೆಂಬರ್ ಎಂಟಕ್ಕೆ ಹೆತ್ತೂರಿನಲ್ಲಿ ಉದ್ಘಾಟನೆ. ಚಪ್ಪರಕ್ಕೆ ಹೇಳಿದ್ದಾಯಿತು, ಬೆಳೆಗಾರರಿಗೆಲ್ಲ ಕರೆ ಹೋಯಿತು. ವಾದ್ಯದವರೂ ಬರುತ್ತಾರೆ. ನಾನು ವೇದಿಕೆಯ ಮೇಲೆ ನಿಂತು ಮೈಕು ಹಿಡಿದು ಕೈ ಎತ್ತುತ್ತೇನೆ. ಅದೇ ಕ್ಷಣಕ್ಕೆ ರಸ್ತೆಯ ತಿರುವಿನಿಂದ ಸಿಂಹ ಪ್ರವೇಶ! ಒಂದು ನಿಮಿಷ ಆಚೀಚೆ ಆಗಬಾರದು. ಪ್ರವೇಶ ತಪ್ಪಿದರೆ ನಾಟಕ ಕೆಟ್ಟಿತೆಂದೇ ಲೆಕ್ಕ.

ನಿನ್ನ ಆ ಸಾಲಿನ ವಿಷಯ ಉದ್ಘಾಟನೆ ಆದ ಮೇಲೆ ಕೂತು ಮಾತಾಡೋಣ. ನಾಲ್ಕು ಜನ ಹಿರಿಯರಿಗೆ ಬೇಡ ಎನ್ನುವ ಅಧಿಕಾರ ಒಂದು ಹುಡುಗಿಗೆ ಬರೆದುಕೊಟ್ಟರೆ ನನ್ನ ಮುಖವನ್ನು ಎಲ್ಲಿಟ್ಟುಕೊಳ್ಳಲಿ? ನೀನೇ ಹೇಳು.

ಮಹಾದೇವಯ್ಯ


ಹೆತ್ತೂರು
೮ ಡಿಸೆಂಬರ್ ೨೦೨೪

ಆಶಾ,

ಎಲ್ಲಿ ನನ್ನ ಯಂತ್ರ?

ಚಪ್ಪರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಮಳೆ ಹನಿಯುತ್ತಿದೆ. ಜನ ಕೇಸರಿಬಾತು ತಿಂದು ಕೈ ತೊಳೆದು ಹೋದರು. ನಾನು ಕೈ ಎತ್ತಿದೆ ಆಶಾ. ವಾದ್ಯ ಮೊಳಗಿತು. "ಇಗೋ, ಬಂತು!" ಎಂದೆ. ತಿರುವಿನಿಂದ ಬಂದದ್ದು ಒಂದು ಎಮ್ಮೆ! ಜನ ಬಿದ್ದು ಬಿದ್ದು ನಕ್ಕರು. ಯಾವನೋ ಹಿಂದಿನಿಂದ "ಒನ್ಸ್ ಮೋರ್!" ಎಂದು ಕೂಗಿದ. ರಾಜಪಾರ್ಟು ಹಾಕಲು ಶುರು ಮಾಡಿದಾಗಿನಿಂದ ನನಗೆ ಅಂಥ "ಒನ್ಸ್ ಮೋರ್" ಬಿದ್ದಿರಲಿಲ್ಲ.

ದಾರಿಯಲ್ಲಿ ಬಂದವನೊಬ್ಬ ಹೇಳುತ್ತಾನೆ, ಸಿಂಹವು ತಿರುವಿನ ಚರಂಡಿಯಲ್ಲಿ ಮುಖ ಮೇಲೆ ಮಾಡಿಕೊಂಡು ಮಲಗಿದೆಯಂತೆ. ಪಕ್ಕದಲ್ಲಿ ಕಮಾನು ಎರಡು ತುಂಡಂತೆ. ಯಾರು ಕತ್ತರಿಸಿದರು? ಯಾರ ಅಪ್ಪಣೆ ಪಡೆದು ಕತ್ತರಿಸಿದರು? ಜಯಕುಮಾರ ಹೊಟ್ಟೆ ನೋವೆಂದು ಮಲಗಿದ್ದಾನೆ, ಅವನನ್ನು ಕೇಳಿ ಫಲವಿಲ್ಲ.

ಕಾಗದ ಮುಟ್ಟಿದ ಕೂಡಲೇ ಉತ್ತರ ಬರೆ.

ಮಹಾದೇವಯ್ಯ


ಹೊಂಗಡಹಳ್ಳ
೧೨ ಡಿಸೆಂಬರ್ ೨೦೨೪

ದೊಡ್ಡಪ್ಪನವರಿಗೆ,

ಕತ್ತರಿಸಿದ್ದು ನಾವು. ಅಪ್ಪಣೆ ಕೊಟ್ಟದ್ದು ನಾನು.

ತಿರುವಿನ ಏರಿನಲ್ಲಿ ಮುಂದಿನ ಚಕ್ರ ಎದ್ದಿತು, ಗಾಡಿ ಹಿಂದಕ್ಕೆ ಜಾರಿ ಚರಂಡಿಯ ಅಂಚಿಗೆ ಬಂದು ನಿಂತಿತು. ಕುಳ್ಳಯ್ಯ ಹಾರಿಕೊಂಡ. ಯಾರಿಗೂ ಏಟಾಗಲಿಲ್ಲ. ನೀವು ಅದನ್ನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ. ಗಾಡಿಯ ಜೊತೆ ಬಂದಿದ್ದ ಜಯಕುಮಾರ ಮಾವ ಅಲ್ಲಿಂದ ಯಾವುದೋ ಬೈಕು ಹತ್ತಿ ಹೋದರು. ಅಷ್ಟರಲ್ಲಿ ಮೋಡ ಇಳಿಯಿತು, ಹನಿ ಶುರುವಾಯಿತು. ಮೈಕಿನಲ್ಲಿ ನಿಮ್ಮ ಧ್ವನಿ "ಮೇಘರಾಜನ ಸೊಕ್ಕಡಗಿಸುವ" ಎಂದು ಕೂಗುತ್ತಲೇ ಇತ್ತು. ರಶ್ಮಿತಾ ಹೋಗಿ ವೈರು ಕಿತ್ತಳು.

ತಿರುವಿನ ಮೇಲೆಯೇ ಮಾದಮ್ಮ ಎಂಬುವರ ಮನೆ. ತುಂಡು ತೋಟ, ಸಣ್ಣ ಕಣ. ಕಣದಲ್ಲಿ ಅವರ ವರ್ಷದ ಕಾಫಿಯೆಲ್ಲ ಹರವಿತ್ತು. ಹರಿದ ಟಾರ್ಪಾಲು ಎಳೆಯುತ್ತಾ ಓಡಾಡುತ್ತಿದ್ದರು. ನಮ್ಮನ್ನು ನೋಡಿ ನಿಂತರು. "ಏನ್ರವ್ವಾ, ಒಣಗ್ಸೋ ಮಿಷನ್ನು ಅಂತೀರ, ನನ್ನ ಕಾಫಿ ಇಲ್ಲಿ ನೆನೀತಾ ಐತೆ. ನೀವು ಅದಕ್ಕೆ ಹೂವಿನ ಹಾರ ಹಾಕ್ಕಂಡು ಮೆರವಣಿಗೆ ಹೊಂಟಿದ್ದೀರ!" ಎಂದರು.

ಯೋಗೇಶ ಬೆಳಿಗ್ಗೆಯೇ ಗ್ಯಾಸ್ ಕಟರ್ ಸೆಟ್ಟನ್ನು ಗಾಡಿಗೆ ಹಾಕಿದ್ದ. ಏಕೆ ಎಂದು ನಾನು ಕೇಳಿರಲಿಲ್ಲ. ಈಗ ಅವನು ನನ್ನ ಮುಖ ನೋಡಿದ. "ಕಟ್ ಮಾಡು" ಎಂದೆ. ಚಾವಣಿ ಹೋಯಿತು. ಮೆಣಸಿನದು, ಏಲಕ್ಕಿಯದು, ಹಾರನ್ನು, ಮರಳಿನ ಮೂಟೆ, ಎಲ್ಲ ಹೋದವು. ಕೊನೆಗೆ ಕಮಾನು. ಸಿಂಹವನ್ನು ಮೆತ್ತಗೇ ಇಳಿಸಿದೆವು ದೊಡ್ಡಪ್ಪ, ಆಣೆ. ಆಮೇಲೆ ಜಾರಿತು.

ಆಗಸ್ಟಿನಲ್ಲಿದ್ದ ಯಂತ್ರವೇ ಉಳಿಯಿತು. ಗಾಡಿ ಒಂದೇ ದಮ್ಮಿಗೆ ಏರು ಹತ್ತಿ ಮಾದಮ್ಮನ ಅಂಗಳಕ್ಕೆ ಬಂತು. ನಾವು ಮೂವರೂ ಸರದಿಯ ಮೇಲೆ ಒಲೆ ನೋಡಿಕೊಂಡೆವು. ಮರುದಿನ ಮಧ್ಯಾಹ್ನ ಮಾದಮ್ಮ ಒಂದು ಬೀಜ ಬಾಯಿಗೆ ಹಾಕಿ ಕಚ್ಚಿದರು. ಕಟ್ ಎಂದಿತು. ಹೊರಗೆ ಇನ್ನೂ ಹನಿಯುತ್ತಿತ್ತು.

ನೀವು ಚಪ್ಪರದಲ್ಲಿ ಕಾಯುತ್ತೀರೆಂದು ನನಗೆ ನೆನಪಿತ್ತು. ಆದರೂ ಬರಲಿಲ್ಲ.

ಆಶಾ


ಆನೇಮಹಲ್
೬ ಜನವರಿ ೨೦೨೫

ಚಿ. ಆಶಾಳಿಗೆ,

ನಿನ್ನನ್ನು ಎದುರಿಗೇ ಬೈಯಬೇಕೆಂದು ಭಾನುವಾರ ಹೊಂಗಡಹಳ್ಳಕ್ಕೆ ಬಂದಿದ್ದೆ. ಬಸ್ಸಿನಲ್ಲಿ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಬಂದೆ. ಷೆಡ್ಡಿಗೆ ಬೀಗ! ನೀವೆಲ್ಲ ಯಾರದೋ ಕಣಕ್ಕೆ ಯಂತ್ರ ತೆಗೆದುಕೊಂಡು ಹೋಗಿದ್ದಿರಿ. ಕಲಿತು ಬಂದ ಮಾತು ಹಾಳಾಗಬಾರದೆಂದು ಆ ಮಾದಮ್ಮನನ್ನಾದರೂ ವಿಚಾರಿಸೋಣ ಎಂದು ಹೋದೆ. ಅಂಗಳದಲ್ಲಿ ನಿಂತು, "ನಾನು ಮಹಾದೇವಯ್ಯ!" ಎಂದೆ.

"ಯಾವ ಮಾದೇವಯ್ಯ ಸಾಮಿ? ಸ್ವಲ್ಪ ಮೆಲ್ಲಕೆ ಹೇಳಿ, ಕೋಳಿ ಹೆದರ್ತವೆ" ಎಂದಳು.

"ಯಂತ್ರದ ಮಾಲೀಕ!"

"ಹಂಗಾರೆ ಆ ಹುಡ್ಗಿ ಯಾರು?"

ಏನು ಹೇಳಲಿ? ತಾಂತ್ರಿಕ ಸಂಚಾಲಕಿ ಎಂದೆ. ಆಕೆಗೆ ಅರ್ಥವಾಗಲಿಲ್ಲ. ಹೇಳಿದ ಮೇಲೆ ನನಗೂ ಆಗಲಿಲ್ಲ.

"ಅದ್ರ ಮೇಲೊಂದು ಸಿಂಹ ಇತ್ತಲ್ಲ ಸಾಮಿ, ಅದ್ಯಾಕೆ? ಕಾಫಿನ ಹೆದ್ರಿಸಿ ಒಣಗ್ಸೋಕಾ?" ಎಂದು ಕೇಳಿದಳು. ನಗಲೂ ಇಲ್ಲ ಹೆಂಗಸು. ನಿಜವಾಗಿಯೂ ತಿಳಿಯದೇ ಕೇಳಿದಳು. ಒಂದು ಲೋಟ ಕಾಫಿ ಕೊಟ್ಟಳು. ಕುಡಿದು ಬಂದೆ.

ಅದೇ ಸಂಜೆ ನಾಟಕದ ತಾಲೀಮು. ಜಯಕುಮಾರನಿಗೆ ಈ ಸಲ ಸೇನಾಪತಿಯ ಪಾರ್ಟು. ಯುದ್ಧಕ್ಕೆ ಹೊರಟೆ ಎಂದು ಕತ್ತಿ ಹಿರಿದವನು ಒಂದು ಹಾಡು ಹಾಡಿದ. ಮತ್ತೊಂದು ಹಾಡಿದ. ಮೂರನೆಯದಕ್ಕೆ ಹಾರ್ಮೋನಿಯಂ ಮೇಷ್ಟ್ರಿಗೆ ಶ್ರುತಿ ಕೊಡಿ ಎಂದ. ಇಷ್ಟು ವರ್ಷ ನನಗೆ ಅದೆಲ್ಲ ರಸವತ್ತಾಗಿಯೇ ಕೇಳುತ್ತಿತ್ತು. ಅವತ್ತು ಏನಾಯಿತೋ ಕಾಣೆ. "ಸಾಕು ಕಣೋ, ಯುದ್ಧಕ್ಕೆ ಹೋಗೋ ಮಾರಾಯ!" ಎಂದು ಕಿರುಚಿಬಿಟ್ಟೆ.

"ವಂತಿಗೆ ಕೊಟ್ಟಿಲ್ವಾ ಬಾವ?" ಎಂದ. ಕಿರೀಟ ತೆಗೆದಿಟ್ಟು ಹೊರಟುಹೋದ. ಪಾರ್ವತಿ ಮಾತು ಬಿಟ್ಟಿದ್ದಾಳೆ. ಈ ಮನೆಯಲ್ಲಿ ಈಗ ನಿಶ್ಶಬ್ದ ಎಷ್ಟಿದೆ ಎಂದರೆ ಹೆದ್ದಾರಿಯ ಲಾರಿಗಳ ಗೇರು ಲೆಕ್ಕ ಹಾಕಬಹುದು. ಎಲ್ಲಾ ನಿನ್ನಿಂದ.

ಸಿಂಹವನ್ನು ಜೋಪಾನವಾಗಿ ಇಡು.

ನಿನ್ನ ದೊಡ್ಡಪ್ಪ
ಮಹಾದೇವಯ್ಯ


ಹೊಂಗಡಹಳ್ಳ
೨೪ ಜನವರಿ ೨೦೨೫

ದೊಡ್ಡಪ್ಪನವರಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಾನು ಹುಡುಕುತ್ತಿದ್ದ ಸಾಲು ಅದರಲ್ಲಿರಲಿಲ್ಲ.

ಷೆಡ್ಡಿನ ಬೀಗದ ಕೈ ಕುಳ್ಳಯ್ಯನ ಕೈಲಿ ಕಳಿಸಿದ್ದೇನೆ. ಸಿಂಹ ಗೋಣಿಚೀಲದಲ್ಲಿದೆ. ಒಂದು ಕಿವಿ ಸೊಟ್ಟಗಾಗಿದೆ, ಬೇರೆ ಏಟಿಲ್ಲ. ಯಂತ್ರ ಚೆನ್ನಾಗಿ ಓಡುತ್ತಿದೆ, ಯೋಗೇಶನಿಗೂ ರಶ್ಮಿತಾಗೂ ಎಲ್ಲ ಗೊತ್ತು. ಅವರನ್ನು ಬಿಡಬೇಡಿ. ಮಾದಮ್ಮನ ಕಡೆಯವರು ಇನ್ನೊಂದು ಯಂತ್ರ ಬೇಕೆನ್ನುತ್ತಿದ್ದಾರೆ. ಅದಕ್ಕೆ ಮುಖ್ಯಸ್ಥರು ಯಾರೆಂದು ನೀವೇ ತೀರ್ಮಾನಿಸಿ.

ತಿಂಗಳ ಕೊನೆಗೆ ಕೊಯಮತ್ತೂರಿಗೆ ಹೊರಡುತ್ತೇನೆ. ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ.

ಆಶಾ


ಆನೇಮಹಲ್
೨೫ ಜನವರಿ ೨೦೨೫

ಈ ಯಂತ್ರಕ್ಕೆ ಏನು ಸೇರಬೇಕು, ಏನು ಸೇರಬಾರದು ಎಂದು ಹೇಳುವವಳು ಆಶಾ. ಯಾರು ಏನು ತಂದರೂ ಬೇಡ ಎನ್ನುವ ಅಧಿಕಾರ ಅವಳದು. ಯಾರು ಎಂದರೆ ಜಯಕುಮಾರನೂ ಸೇರಿ. ನಾನೂ ಸೇರಿ. ಪಾಲುದಾರರೆಲ್ಲರ ಎದುರು ಓದಿ ಸಹಿ ಮಾಡಿದ್ದೇನೆ.

ಮಹಾದೇವಯ್ಯ

ಬೀಗದ ಕೈ ವಾಪಸು ಕಳಿಸಿದ್ದೇನೆ. ಎರಡನೆಯ ಯಂತ್ರ ಹೊರಡುವ ದಿನ ನಾನು ಬರಬಹುದೇ? ಸಣ್ಣದೊಂದು ಮೈಕು ತರುತ್ತೇನೆ. ತೀರಾ ಸಣ್ಣದು.


ಹೊಂಗಡಹಳ್ಳ
೨೮ ಜನವರಿ ೨೦೨೫

ದೊಡ್ಡಪ್ಪನವರಿಗೆ,

ಮೊದಲನೆಯ "ಬೇಡ" ಇವತ್ತು ಕೊಯಮತ್ತೂರಿಗೆ ಹೋಯಿತು. ಎರಡನೆಯದು ನಿಮ್ಮ ಮೈಕಿಗೆ.

ನೀವು ಬನ್ನಿ. ನೀವು ಕೂಗಿದರೆ ಹೆತ್ತೂರಿನವರೆಗೆ ಕೇಳುತ್ತದೆ.

ಆಶಾ